ಹಿಂಡು ನಿಂತಿರೋದು ಗೆಳತಿಯರ ಮೇಲೆ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಕಾಡುಕುದುರೆಗಳ ಬಗ್ಗೆ ಬಂದ ಬರಹ ಓದಿದೆ, ಫೋಟೋ ಚೆನ್ನಾಗಿತ್ತು, ಆದ್ರೆ ಮೊದಲಿಂದ ಕೊನೇವರೆಗೂ ಗಂಡುಕುದುರೆದೇ ದರ್ಬಾರು, ಹೆಣ್ಣುಗಳೆಲ್ಲ ಅವನ ಜನಾನಾ ಅನ್ನೋ ಹಂಗೆ ಬರೆದಿದ್ದೀರಿ. ಅದು ಅರ್ಧ ಕಥೆ ಅಷ್ಟೇ ಸಾರ್.

ಹಿಂಡು ಅಂದ್ರೆ ಸಾಮಾನ್ಯವಾಗಿ ಒಂದು ಗಂಡು, ಕೆಲವು ಹೆಣ್ಣು, ಅವುಗಳ ಮರಿಗಳು. ಈ ಯಜಮಾನ ಇವತ್ತು ಇರ್ತಾನೆ, ನಾಳೆ ಇನ್ನೊಬ್ಬ ಬಂದು ಒದ್ದು ಓಡಿಸ್ತಾನೆ, ಹೆಣ್ಣುಕುದುರೆಗಳು ಮಾತ್ರ ಎಷ್ಟೋ ಸಲ ವರ್ಷಗಟ್ಟಲೆ ಜೊತೆಗೇ ಇರ್ತಾವೆ. ಅವು ಅಕ್ಕತಂಗಿಯರೇನಲ್ಲ, ಪ್ರಾಯಕ್ಕೆ ಬಂದ ಮೇಲೆ ಹುಟ್ಟಿದ ಹಿಂಡು ಬಿಟ್ಟು ಒಂದೊಂದು ಕಡೆಯಿಂದ ಬಂದು ಸೇರಿದವು, ನಮ್ಮಲ್ಲಿ ಓರಗಿತ್ತಿಯರು ಇದ್ದ ಹಂಗೆ (ಜಗಳ ಸ್ವಲ್ಪ ಕಮ್ಮಿ ಅನ್ಸತ್ತೆ!).

ಸ್ನೇಹ ಅಂತ ಹೆಂಗೆ ಗೊತ್ತಾಗತ್ತೆ ಅಂದ್ರೆ, ಎರಡು ಕುದುರೆ ಒಂದರ ತಲೆ ಇನ್ನೊಂದರ ಬಾಲದ ಕಡೆ ಬರೋ ಹಂಗೆ ನಿಂತ್ಕೋತಾವೆ, ಆಮೇಲೆ ಕತ್ತು ಬೆನ್ನಿಗೆ ಸೇರೋ ಕಡೆ, ತನ್ನ ಹಲ್ಲಿಗೆ ತಾನೇ ಸಿಗದ ಆ ಜಾಗವನ್ನ, ಒಂದರದ್ದು ಇನ್ನೊಂದು ಮುಂದಿನ ಹಲ್ಲಲ್ಲಿ ಕೆರೀತಾ ಹೋಗ್ತಾವೆ. ನೊಣ ಜಾಸ್ತಿ ಇದ್ರೆ ಹಂಗೇ ನಿಂತು ಒಬ್ಬರ ಮುಖಕ್ಕೆ ಇನ್ನೊಬ್ಬರ ಬಾಲ ಬೀಸಣಿಗೆ. ಯಾರ ಜೊತೆ ಬೇಕಾದ್ರೂ ಹಿಂಗೆ ನಿಲ್ಲಲ್ಲ, ತಮಗೆ ಬೇಕಾದವರ ಹತ್ರಾನೇ ಹೋಗ್ತಾವೆ. ಫ್ರಾನ್ಸಿನ ಕಮಾರ್ಗ್ ಕುದುರೆಗಳಲ್ಲಿ ಇದೇ ಜಾಗ ಕೆರೆದು ನೋಡಿದಾಗ ಎದೆಬಡಿತ ನಿಧಾನ ಆಗಿದ್ದು 1993ರಲ್ಲೇ ದಾಖಲಾಗಿದೆ.

ಇದೆಲ್ಲ ಬರೀ ಟೈಂಪಾಸ್ ಅಂದ್ಕೋಬೇಡಿ. ನ್ಯೂಜಿಲೆಂಡಿನ ಕೈಮನಾವ ಬೆಟ್ಟದ ಕುದುರೆಗಳ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೆಳೆತನ ಗಟ್ಟಿ ಇರೋ ಹೆಣ್ಣುಕುದುರೆಗಳಿಗೆ ಗಂಡಿನ ಕಾಟ ಕಮ್ಮಿ, ಮರಿ ಹುಟ್ಟೋದು ಜಾಸ್ತಿ, ಹುಟ್ಟಿದ್ದು ಬದುಕೋದೂ ಜಾಸ್ತಿ ಅಂತ ಸಿಕ್ತು, ಅದೂ ರಕ್ತಸಂಬಂಧ ಇಲ್ಲದವರ ಮಧ್ಯೆ. ಕಾಟ ಕೊಡೋನು ಅದೇ ನಿಮ್ಮ ಬರಹದ ಹೀರೋ ಅನ್ನೋದು ಗಮನಕ್ಕಿರಲಿ.

ಇದನ್ನ ಯಾಕೆ ಇಷ್ಟುದ್ದ ಎಳೀತಿದ್ದೀನಿ ಅಂದ್ರೆ, ಅಮೆರಿಕದಲ್ಲಿ ಕಾಡುಕುದುರೆಗಳಿಗೆ 1971ರಿಂದ ಕಾನೂನಿನ ರಕ್ಷಣೆ ಇದೆ, ಆದ್ರೂ ಸಂಖ್ಯೆ ಹೆಚ್ಚಾಯ್ತು ಅಂತ ಹೆಲಿಕಾಪ್ಟರಲ್ಲಿ ಅಟ್ಟಿ ಹಿಡೀತಾರೆ, ಹಿಡಿದ ಮೇಲೆ ಗಂಡು ಒಂದು ಕಡೆ ಹೆಣ್ಣು ಒಂದು ಕಡೆ, ಆಮೇಲೆ ಸಾಕೋರಿಗೆ ಕೊಡ್ತಾರೆ. ಮೇವು ನೀರು ಸಾಲದ ಕಡೆ ಸಂಖ್ಯೆ ಇಳಿಸಬೇಕು ಅನ್ನೋದು ಒಪ್ಪೋಣ, ಆದ್ರೆ ವರ್ಷಗಟ್ಟಲೆ ಬೆನ್ನು ಕೆರೆದುಕೊಂಡು ನಿಂತಿದ್ದ ಜೋಡಿ ಒಂದೇ ಕಡೆ ಹೋಗತ್ತೆ ಅಂತ ಗ್ಯಾರಂಟಿ ಏನೂ ಇಲ್ಲ. ಲೆಕ್ಕ ಹಾಕೋದು ತಲೆ ಎಷ್ಟು ಅಂತ, ಯಾರಿಗೆ ಯಾರು ಅಂತ ಅಲ್ಲ.

ಇನ್ನೊಂದ್ಸಲ ಈ ವಿಷಯ ಹಾಕಿದ್ರೆ ದಯವಿಟ್ಟು ಎರಡು ಗಂಡುಗಳು ಮುಂಗಾಲೆತ್ತಿ ಹೊಡೆದಾಡೋ ಅದೇ ಫೋಟೋ ಬೇಡ, ಬಾಲಕ್ಕೆ ತಲೆ ಕೊಟ್ಟು ಅರೆಗಣ್ಣಲ್ಲಿ ನಿಂತ ಎರಡು ಹೆಣ್ಣುಕುದುರೆಗಳದ್ದು ಹಾಕಿ.

ಇಂತಿ,
ನಿಮ್ಮ ಓದುಗ