ಶನಿವಾರ ನೈಟ್ ಡ್ಯೂಟಿಯವರಿಗೆ

ಕ್ಯಾಶುವಾಲ್ಟಿಯವರೆಲ್ಲ ಇದನ್ನೊಂದ್ಸಲ ಓದಿ. ಬೈಕಿಂದ ಬಿದ್ದು ಬಂದವರ ಬಾಯಲ್ಲಿ ವಾಸನೆ ಬಂದ ಕೂಡಲೇ "ಕುಡಿದಿದ್ದಾನೆ, ಮಲಗಿರಲಿ ಬಿಡಿ" ಅನ್ನಬೇಡಿ. ತಲೆಯೊಳಗೆ ರಕ್ತಸ್ರಾವ ಆಗಿದ್ದರೂ, ಶುಗರ್ ಇಳಿದಿದ್ದರೂ ಹಾಗೇ ತೊದಲುತ್ತಾರೆ. ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡೋ ಶುಗರ್) ನೋಡಿ, ಕಣ್ಣಿನ ಪಾಪೆ ನೋಡಿ, ಜಿಸಿಎಸ್ (ಪ್ರಜ್ಞೆ ಎಷ್ಟಿದೆ ಅನ್ನೋ ಅಂಕ) ಆಗಾಗ ಬರೆದಿಡಿ.

ಅಮಲು ಇಳಿದ ಮೇಲೆ ಐದು ನಿಮಿಷ ಪಕ್ಕದಲ್ಲಿ ಕೂತು ಕೇಳಿ: ಎಷ್ಟು ದಿನಕ್ಕೊಮ್ಮೆ ಕುಡೀತೀರಿ, ಕೂತರೆ ಎಷ್ಟು, ಒಂದೇ ಸಲಕ್ಕೆ ಆರು ಡ್ರಿಂಕ್ ಅಥವಾ ಜಾಸ್ತಿ ಆಗೋದು ಎಷ್ಟು ಸಲ. ಕುಡಿತದ ಮಟ್ಟ ಅಳೆಯೋ ಆಡಿಟ್ ಪ್ರಶ್ನಾವಳಿಯ ಮೊದಲ ಮೂರು ಪ್ರಶ್ನೆ ಇಷ್ಟೇ. ಬೈಗುಳ ಬೇಡ, ಅದನ್ನ ಮನೆಯವರು ಹೊರಗೆ ಆಗಲೇ ಶುರು ಮಾಡಿರುತ್ತಾರೆ.

ದಿನಾ ಕುಡಿಯೋರು ಅಡ್ಮಿಟ್ ಆದರೆ ಕೈನಡುಕ, ಬೆವರು ಗಮನಿಸಿ. ಕುಡಿತ ನಿಂತ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ನಿಮ್ಹಾನ್ಸ್ ಅಥವಾ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416 ಬರೆದುಕೊಡಿ. ಗಾಡಿ ಕೀ ಮಾತ್ರ ಮನೆಯವರ ಕೈಗೇ ಕೊಡಿ.