ನೀನು ಕಳಿಸಿದ ದುಡ್ಡಿನ ಲೆಕ್ಕ

ಪ್ರೀತಿಯ ಪುಟ್ಟಿ,

ಮನೆ ಮುಂದಕ್ಕೆ ಬಣ್ಣ ಹೊಡೆಸಿ ಅಂತ ನೀನು ಕಳಿಸಿದ 40 ಸಾವಿರದಲ್ಲಿ ಒಂದು ಡಬ್ಬ ಬಣ್ಣವನ್ನೂ ತಂದಿಲ್ಲ. ಫೋನಿನಲ್ಲಿ ಹೇಳಿದರೆ ನೀನು "ಅಮ್ಮಾ!" ಅಂತ ಕೂಗಿಬಿಡುತ್ತೀಯ, ಮುಂದಿನದು ಕಿವಿಗೇ ಹೋಗುವುದಿಲ್ಲ. ಅದಕ್ಕೇ ಪತ್ರ. ಕೂತು ಓದು.

ಮೊದಲು ನನ್ನ ತಪ್ಪು. 2011ರಲ್ಲಿ ನಿಮ್ಮಕ್ಕನ ಮದುವೆಗೆ ಮೂರು ವಾರ ಇರುವಾಗ ಗೋಡೆಗೆ ಸಿಮೆಂಟ್ ಮೆತ್ತಿಸಿದವಳು ನಾನೇ. ನಿಮ್ಮಪ್ಪ ಬೇಡ ಅಂದಿದ್ದರು. ಮೈಸೂರಿನಿಂದ ಬೀಗರು ಬರುತ್ತಾರೆ, ಸುಣ್ಣದ ಗೋಡೆಗೆ ಒರಗಿದರೆ ರೇಷ್ಮೆ ಸೀರೆಗೆ ಬಿಳಿ ಅಂಟುತ್ತದೆ ಅಂತ ಹಟ ಮಾಡಿದ್ದೆ. ಮದುವೆ ಚೆನ್ನಾಗಿಯೇ ಆಯಿತು. ಮಾರನೇ ವರ್ಷದಿಂದ ಗೋಡೆ ಶುರುಮಾಡಿತು. ಸೊಂಟದೆತ್ತರಕ್ಕೆ ಉಬ್ಬುವುದು, ಬಣ್ಣ ಹಪ್ಪಳದ ಹಾಗೆ ಏಳುವುದು, ಒಳಗಿನಿಂದ ಬಿಳೀ ಉಪ್ಪು ಉದುರುವುದು. ನೀನು ಪ್ರತಿ ಸಲ ಬಂದಾಗಲೂ ಉಗುರಿನಲ್ಲಿ ಕೀಳುತ್ತಿದ್ದೆಯಲ್ಲ, ಅದೇ.

ಈ ಸಲ ಬಂದ ಮೇಸ್ತ್ರಿ ಎಪ್ಪತ್ತು ದಾಟಿದವರು. ಬಣ್ಣದ ಮಾತೇ ಎತ್ತಲಿಲ್ಲ. ಬೀದಿಯಲ್ಲಿ ನಿಂತು ಗೋಡೆಯ ಬುಡ ನೋಡಿ, "ತಾಯಿ, ಇದಕ್ಕೆ ಉಸಿರು ಕಟ್ಟಿಸಿದ್ದೀರಲ್ಲ" ಅಂದರು. ನಮ್ಮದು ಇಟ್ಟಿಗೆಯನ್ನು ಮಣ್ಣಿನಲ್ಲಿ ಕೂರಿಸಿ ಮೇಲೆ ಸುಣ್ಣದ ಗಾರೆ ಕೊಟ್ಟ ಗೋಡೆ. ತಳಪಾಯದ ಶೀತ ಮೇಲೆ ಹತ್ತುತ್ತದೆ, ಸುಣ್ಣದ ಮೂಲಕ ಗಾಳಿಗೆ ಆರಿಹೋಗುತ್ತದೆ. ಸಿಮೆಂಟ್ ಮುಚ್ಚಿದರೆ ಆರಲು ದಾರಿಯಿಲ್ಲ. ಶೀತ ಇನ್ನೂ ಮೇಲೆ ಹತ್ತುತ್ತದೆ, ಹೊರಬರಲು ನೋಡಿ ಬಣ್ಣವನ್ನು ದೂಡುತ್ತದೆ. ನಮ್ಮ ಕಡೆ ಗೊತ್ತಲ್ಲ, ವಿ.ಸಿ. ನಾಲೆಗೆ, ಅದೇ ವಿಶ್ವೇಶ್ವರಯ್ಯ ನಾಲೆಗೆ, ನೀರು ಬಿಟ್ಟರೆ ಗೋಡೆಗೂ ಬಿಟ್ಟ ಹಾಗೆ. (ಅಜ್ಜಿ ಈಗಲೂ ಅದನ್ನು ಇರ್ವಿನ್ ನಾಲೆ ಅಂತಲೇ ಅನ್ನುತ್ತಾರೆ.) ಸಾಲದ್ದಕ್ಕೆ ಬೀದಿಗೆ ಎರಡು ಸಲ ಕಾಂಕ್ರೀಟ್ ಹಾಕಿ ರಸ್ತೆ ಒಂದು ಗೇಣು ಮೇಲೆದ್ದಿದೆ. ಜಗಲಿ ಕುಳ್ಳಗಾಗಿದೆ, ಮಳೆ ನೀರು ಬಂದು ಬುಡದಲ್ಲೇ ನಿಲ್ಲುತ್ತದೆ. ನೀನು ಹೇಳಿದ ಆ ಮಳೆ ತಡೆಯುವ ಬಣ್ಣ ಬಳಿದಿದ್ದರೆ ಇನ್ನೊಂದು ಮುಚ್ಚಳ ಹಾಕಿದಂತಾಗುತ್ತಿತ್ತು.

ಹಾಗಾಗಿ ಶಿವರಾತ್ರಿ ಆದ ಮೇಲೆ ಸಿಮೆಂಟ್ ಕೀಳಲು ಶುರುಮಾಡಿದೆವು. ಕೂಲಿಯವರನ್ನು ಕರೆಯಲಿಲ್ಲ. ನಿಮ್ಮಪ್ಪ, ಚಿಕ್ಕಪ್ಪ, ಅತ್ತೆಯ ಮಗ, ಮೂರು ಉಳಿ, ಮೂರು ಸುತ್ತಿಗೆ. ಎಂಟು ದಿನ ಊರಿಗೆಲ್ಲ ಟಣಟಣ. ಪಾಲಾದಾಗಿನಿಂದ ಅಣ್ಣತಮ್ಮಂದಿರ ಮಾತು ಎಷ್ಟಕ್ಕಷ್ಟೇ ಅಂತ ನಿನಗೆ ಗೊತ್ತು. ಒಂದೇ ಸಾರುವೆಯ ಮೇಲೆ ನಿಂತರು. "ಈ ಕಡೆ ಟೊಳ್ಳು", "ಹುಷಾರು, ಇಟ್ಟಿಗೆ ಬರ್ತದೆ", ಅಷ್ಟೇ ಮಾತು. ರಾಜಿಯಾದರು ಅಂತೇನೂ ಅಂದುಕೊಳ್ಳಬೇಡ. ಆದರೆ ಮಧ್ಯಾಹ್ನ ಉಪ್ಸಾರಿಗೆ ಕೂತಾಗ ಚಿಕ್ಕಪ್ಪ ಕೇಳುವ ಮೊದಲೇ ನಿಮ್ಮಪ್ಪ ಖಾರದ ಬಟ್ಟಲು ಆ ಕಡೆ ತಳ್ಳಿದರು. ನಾನು ನೋಡಿಯೂ ನೋಡದ ಹಾಗೆ ಮುದ್ದೆ ಬಡಿಸಿದೆ.

ಕಿತ್ತ ಮೇಲೆ ಗೋಡೆಯನ್ನು ಒಂದು ತಿಂಗಳು ಬರೀ ಮೈಯಲ್ಲಿ ಒಣಗಲು ಬಿಟ್ಟೆವು. ಹೋಗಿ ಬರುವವರೆಲ್ಲ "ಮನೆ ಕೆಡವ್ತಿದೀರಾ?" ಅಂತ ಕೇಳಿ ಕೇಳಿ ಸಾಕಾಯಿತು. ಆ ತಿಂಗಳಲ್ಲಿ ಬುಡದುದ್ದಕ್ಕೂ ಕಾಲುವೆ ತೋಡಿ ಜಲ್ಲಿ ತುಂಬಿದರು.

ಹಳೇ ಗಾರೆಯಲ್ಲಿ ಕೆಂಪು ಕೆಂಪು ಪುಡಿ ಇತ್ತು. ಸುರ್ಕಿ ಅಂತೆ, ಇಟ್ಟಿಗೆ ಪುಡಿ. ನಿನ್ನ ಮುತ್ತಜ್ಜ ಕನ್ನಂಬಾಡಿ ಕಟ್ಟೆಗೆ ಗಾಡಿಯಲ್ಲಿ ಕಲ್ಲು ಹೊಡೆದವರು. 1911ರಲ್ಲಿ ಶುರುವಾದ ಆ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸಿಮೆಂಟಲ್ಲ, ಸುಣ್ಣ ಸುರ್ಕಿಯ ಗಾರೆ. ಅಲ್ಲಿ ನೋಡಿದ್ದನ್ನೇ ಮನೆಗೂ ಹಾಕಿಸಿರಬೇಕು. ಇದು ನನ್ನ ಊಹೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಂಬಾಡಿ ಪಾಠ ಮಾಡಿದವಳು ನಾನು, ನನ್ನ ಮನೆ ಗೋಡೆಯಲ್ಲೇ ಅದು ಇದೆ ಅಂತ ಗೊತ್ತಿರಲಿಲ್ಲ.

ಸುಣ್ಣ ಬೇಯಿಸಿದ್ದು ಒಂದು ರಂಪ. ಸುಟ್ಟ ಸುಣ್ಣದ ಕಲ್ಲು ನೀರಿಗೆ ಬಿದ್ದರೆ ನೀರು ಕುದಿಯುತ್ತದೆ. ಹಳೇ ಕಬ್ಬಿಣದ ಡ್ರಮ್ಮಿನಲ್ಲಿ ನೀರು ಮೊದಲು, ಕಲ್ಲು ಆಮೇಲೆ, ಸ್ವಲ್ಪ ಸ್ವಲ್ಪವಾಗಿ ಅಂತ ಮೇಸ್ತ್ರಿ ಹೇಳಿ ಟೀ ಕುಡಿಯಲು ಹೋದರು. ಅತ್ತೆಯ ಮಗ ಬುದ್ಧಿವಂತ, ಬೇಗ ಆಗಲಿ ಅಂತ ಒಂದಷ್ಟನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿದ. ಬಕೆಟ್ಟಿನ ತಳ ಮೆತ್ತಗಾಗಿ ಕೂತೇಬಿಟ್ಟಿತು. ಪುಣ್ಯಕ್ಕೆ ಕನ್ನಡಕ ಹಾಕಿದ್ದ, ಕಣ್ಣಿಗೆ ಸಿಡಿಯಲಿಲ್ಲ. ಹೋಗಿದ್ದು ನಿನ್ನ ನೀಲಿ ಬಕೆಟ್. ಅವನನ್ನು ಬೈಯಬೇಡ, ನಿಮ್ಮತ್ತೆ ಆಗಲೇ ಸಾಕಷ್ಟು ಬೈದಿದ್ದಾಳೆ.

ಬೆಂದ ಸುಣ್ಣ ಎರಡು ವಾರ ನೀರಿನಲ್ಲಿ ಕೂತು ಬೆಣ್ಣೆಯ ಹಾಗಾಯಿತು. ಅದಕ್ಕೆ ಮರಳು, ಇಟ್ಟಿಗೆ ಪುಡಿ, ಜೊತೆಗೆ ಅಳಲೆಕಾಯಿ ನೆನೆಸಿದ ಬೆಲ್ಲದ ನೀರು. ಬೆಲ್ಲ ನಮ್ಮದೇ ಆಲೆಮನೆಯದು. ಗೋಡೆಗೆ ಬೆಲ್ಲ ಹಾಕುವವರನ್ನು ಮಂಡ್ಯದಲ್ಲಿ ಬಿಟ್ಟು ಇನ್ನೆಲ್ಲಿ ನೋಡುತ್ತೀಯ ಅಂತ ಚಿಕ್ಕಪ್ಪನ ಜಂಬ. ಮೂರು ದಿನ ಇರುವೆ ಸಾಲು ಇತ್ತು, ಅದನ್ನು ಅವರು ಯಾರಿಗೂ ಹೇಳಿಲ್ಲ. ಗಾರೆ ಬಿಸಿಲಿಗೆ ಬಿರುಕು ಬಿಡಬಾರದು ಅಂತ ಒದ್ದೆ ಗೋಣಿಚೀಲ ಇಳಿಬಿಟ್ಟು, ದಿನಾ ನೀರು ಚಿಮುಕಿಸಿದ್ದು ನಾನು. ಸಿಮೆಂಟಿನ ಹಾಗೆ ರಾತ್ರಿ ಬೆಳಗಾಗುವುದರಲ್ಲಿ ಗಟ್ಟಿಯಾಗುವ ಜಾತಿಯಲ್ಲ ಅದು. ಗಾಳಿ ಕುಡಿದು ನಿಧಾನಕ್ಕೆ ಕಲ್ಲಾಗುತ್ತದೆ.

ಆಮೇಲೆ ಮೂರು ಸಲ ತೆಳ್ಳಗೆ ಸುಣ್ಣ ಬಳಿದೆವು. ಮೊದಲ ಸಲ ಬಳಿದಾಗ ವಿಡಿಯೋ ಕಾಲಿನಲ್ಲಿ "ಇದೇನು, ನೀರು ಹೊಡೆದಿದ್ದೀರಾ?" ಅಂದೆಯಲ್ಲ. ಹಸಿ ಸುಣ್ಣ ಹಾಗೇ, ಕಾಣುವುದಿಲ್ಲ. ಒಣಗುತ್ತಾ ಬೆಳ್ಳಗಾಗುತ್ತದೆ. ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ. ಅದರ ಎತ್ತರ ಅಜ್ಜಿ ಕುರ್ಚಿಯಲ್ಲಿ ಕೂತು ಕೋಲಿನಲ್ಲಿ ತೋರಿಸಿದ್ದು. ಎರಡು ಸಲ ಅಳಿಸಿ ಹಾಕಿಸಿದರು.

ಸೂರಿನ ಒಡೆದ ಹೆಂಚು ಬದಲಿಸುವುದು ಸುಲಭ ಅಂದುಕೊಂಡಿದ್ದೆವು. ಒಂದು ಕಾರ್ಖಾನೆಯ ಮಂಗಳೂರು ಹೆಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದೇ ಇಲ್ಲ. ನಿಮ್ಮಪ್ಪ ನಮ್ಮ ಹೆಂಚೊಂದನ್ನು ಸ್ಕೂಟರಿನಲ್ಲಿಟ್ಟುಕೊಂಡು, ಹೆಣ್ಣು ನೋಡಲು ಹೋಗುವವರ ಹಾಗೆ, ಎಲ್ಲೆಲ್ಲಿ ಹಳೇ ಮನೆ ಕೆಡವುತ್ತಾರೋ ಅಲ್ಲೆಲ್ಲ ತಿರುಗಿದರು. ಕೊನೆಗೆ ಪಾಂಡವಪುರದಲ್ಲಿ ಜೋಡಿ ಸಿಕ್ಕಿತು.

ಈಗ ಲೆಕ್ಕ. ಮೇಸ್ತ್ರಿಗೆ 14 ದಿನಕ್ಕೆ 14,000. ಸುಣ್ಣ, ಮರಳು, ಇಟ್ಟಿಗೆ ಪುಡಿ, ಜಲ್ಲಿ 6,500. ಹಳೇ ಹೆಂಚು 80ಕ್ಕೆ 2,000. ಸೂರಿನ ನೀರು ಬುಡಕ್ಕೆ ಬೀಳದ ಹಾಗೆ ತಗಡಿನ ದೋಣಿ 7,200. ಜಗಲಿ ಕಂಬಕ್ಕೆ ಉಪ್ಪು ಕಾಗದ, ಅಗಸೆ ಎಣ್ಣೆ 1,300. ಒಟ್ಟು 31,000. ಊಟದ ಖರ್ಚು ನನ್ನ ಪಿಂಚಣಿಯದು, ಅದನ್ನು ಕೇಳಬೇಡ.

ಉಳಿದ 9,000 ವಾಪಸ್ ಕಳಿಸುವುದಿಲ್ಲ. ಹಿತ್ತಿಲ ಗೋಡೆಗೆ ಸಿಮೆಂಟ್ ಇನ್ನೂ ಹಾಗೇ ಇದೆ, ಮುಂದಿನ ಬೇಸಿಗೆಗೆ ಅದು. ಒಂದು ಗುಡಾಣ ಸುಣ್ಣ ಮಿಕ್ಕಿದೆ. ಮೇಲೆ ನೀರು ನಿಲ್ಲಿಸಿ ಕೊಟ್ಟಿಗೆ ಮೂಲೆಯಲ್ಲಿಟ್ಟಿದ್ದೇನೆ, ಕೆಡುವುದಿಲ್ಲವಂತೆ. ಗೌರಿ ಹಬ್ಬಕ್ಕೆ ಬಂದಾಗ ಜಗಲಿಯಲ್ಲಿ ಗೋಡೆಗೆ ಒರಗಬೇಡ, ಸೀರೆಗೆ ಬಿಳಿ ಅಂಟುತ್ತದೆ.

ಇಂತಿ,
ಅಮ್ಮ