ಹೊಸ ಮನೆಗೆ ಹಣವಿದೆ, ಇರುವ ಮನೆಯ ಮಾಳಿಗೆಗೂ ಇರಲಿ: ಕಲ್ಯಾಣ ಕರ್ನಾಟಕ ಮಂಡಳಿಗೆ ರಾಯಚೂರಿನಿಂದ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ,
ಕಲಬುರಗಿ.

ವಿಷಯ: ಹಳೆಯ ಮನೆಗಳ ಮಾಳಿಗೆಗಳನ್ನು, ಅಂದರೆ ಮೇಲ್ಛಾವಣಿಗಳನ್ನು, ಬಿಸಿಲಿನಿಂದ ಕಾಪಾಡುವ ಕೆಲಸವನ್ನು ಮಂಡಳಿಯ ಕ್ರಿಯಾ ಯೋಜನೆಗೆ ಸೇರಿಸುವ ಕುರಿತು.

ಮಾನ್ಯರೇ,

ಬೇಸಿಗೆ ಬಂತೆಂದರೆ ನಮ್ಮ ಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ ಬೇಗ ಬಂದು ಮಧ್ಯಾಹ್ನಕ್ಕೆ ಮನೆ ಸೇರಿಕೊಳ್ಳಿ ಎಂಬ ಆದೇಶ ಹೊರಡುತ್ತದೆ. ಜನರಿಗೂ ಪ್ರಕಟಣೆ ಬರುತ್ತದೆ: ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೊರಗೆ ಬರಬೇಡಿ, ಮನೆಯೊಳಗೇ ಇರಿ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರಿನಲ್ಲಿ ಇದು ಸರಿಯಾದ ಮಾತೇ. ಆದರೆ ಮನೆಯೊಳಗೆ ಇರಿ ಎಂದು ಹೇಳಿದ ಮೇಲೆ, ಆ ಮನೆಯ ಒಳಗು ಹೇಗಿದೆ ಎಂದು ನೋಡುವ ಜವಾಬ್ದಾರಿಯೂ ಸರ್ಕಾರದ್ದೇ ಆಗುತ್ತದೆ. ಅದನ್ನು ಇದುವರೆಗೆ ಯಾವ ಯೋಜನೆಯೂ ನೋಡಿಲ್ಲ ಎಂಬ ಸಂಕಟದಿಂದ ತಮಗೆ ಬರೆಯುತ್ತಿದ್ದೇನೆ.

ನಾನು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ವಿಭಾಗದ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಬೇರೂನ್ ಕಿಲ್ಲಾ, ಅಂದ್ರೂನ್ ಕಿಲ್ಲಾ, ಮಂಗಳವಾರಪೇಟೆ, ಸಿಯಾತಲಾಬ್ ಓಣಿಗಳ ಮನೆಗಳನ್ನು ಹತ್ತಿರದಿಂದ ಬಲ್ಲೆ. ಹಳೇ ಊರಿನಲ್ಲಿ ಈಗಲೂ ಅಲ್ಲಲ್ಲಿ ಕಲ್ಲು ಮಣ್ಣಿನ ಮನೆಗಳಿವೆ: ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಗೇಣು ದಪ್ಪದ ಮಣ್ಣಿನ ಮೇಲ್ಮುದ್ದೆ. ಮಧ್ಯಾಹ್ನದ ಶಾಖ ಆ ಮಣ್ಣನ್ನು ದಾಟಿ ಕೆಳಗಿಳಿಯುವ ಹೊತ್ತಿಗೆ ರಾತ್ರಿಯಾಗಿ, ಹೊರಗಿನ ಗಾಳಿ ತಣ್ಣಗಾಗಿರುತ್ತದೆ. ಆದರೆ ಆ ಮಾಳಿಗೆಗಳು ಸೋರುತ್ತವೆ, ಜಂತಿಗೆ ಗೆದ್ದಲು ಹಿಡಿಯುತ್ತದೆ, ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಬಡಿದು ಕೂಡಿಸುವವರು ಸಿಗುವುದಿಲ್ಲ. ಹಾಗಾಗಿ ಕೈಲಾದವರು ಕಿತ್ತು ಸ್ಲ್ಯಾಬ್ ಹಾಕಿಸಿದರು. ಕೆಲವರು ಪರಸಿ ಕಲ್ಲು ಹೊದಿಸಿದರು. ಕೈಲಾಗದವರು ತಗಡು ಹಾಕಿಕೊಂಡರು. ಯಾರನ್ನೂ ತಪ್ಪು ಎನ್ನಲಾಗದು. ಸ್ಲ್ಯಾಬ್ ಹಾಕಿದರೆ ಸೋರುವ ಚಿಂತೆಯಿಲ್ಲ, ನಾಳೆ ಮೇಲೊಂದು ಕೋಣೆ ಎತ್ತಬಹುದು. ಮೇಲಾಗಿ ಸರ್ಕಾರದ ಲೆಕ್ಕದಲ್ಲಿ ಮಣ್ಣಿನ ಸೂರು ಎಂದರೆ ಕಚ್ಚಾ ಮನೆ. ಪಕ್ಕಾ ಎನಿಸಿಕೊಳ್ಳಬೇಕಾದರೆ ಅದನ್ನು ಕೆಡವಲೇಬೇಕು. ತಂಪಾಗಿದ್ದ ಸೂರನ್ನು ಕೆಡವಲು ನೆರವು ಸಿಕ್ಕಿತು, ಅದನ್ನೇ ರಿಪೇರಿ ಮಾಡಿ ಉಳಿಸಿಕೊಳ್ಳಲು ಸಿಗಲಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ರಾಯಚೂರು ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಲ್ಲಿ ನಡುಹಗಲಿನ ಸೂರ್ಯ ನೇರ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆಗ ಗೋಡೆಗಳಿಗೆ ತಗಲುವುದು ಓರೆ ಬಿಸಿಲು, ಪೂರ್ತಿ ಏಟು ಮಾಳಿಗೆಗೆ. ಮೋಡವಿಲ್ಲದ ಮಧ್ಯಾಹ್ನ ಒಂದು ಚದರ ಮೀಟರ್ ಜಾಗದ ಮೇಲೆ 900ರಿಂದ 1000 ವ್ಯಾಟ್‌ನಷ್ಟು ಬಿಸಿಲು ಬೀಳುತ್ತದೆ. 600 ಚದರ ಅಡಿಯ ಒಂದು ಸಣ್ಣ ಮನೆಯ ಮಾಳಿಗೆಯ ಮೇಲೆ ಬೀಳುವುದು 50 ಕಿಲೋವ್ಯಾಟ್‌ಗೂ ಹೆಚ್ಚು. ಒಂದೂವರೆ ಟನ್ನಿನ ಎಸಿ ಒಂದು ಕೋಣೆಯಿಂದ ಹೊರಹಾಕಬಲ್ಲ ಶಾಖವೇ ಸುಮಾರು 5 ಕಿಲೋವ್ಯಾಟ್. ಬಿದ್ದದ್ದೆಲ್ಲ ಒಳಗಿಳಿಯುವುದಿಲ್ಲ ನಿಜ, ಒಂದು ಪಾಲು ಹಿಂದಕ್ಕೆ ಚಿಮ್ಮುತ್ತದೆ, ಒಂದು ಪಾಲು ಗಾಳಿಗೆ ಹೋಗುತ್ತದೆ. ಉಳಿದದ್ದನ್ನು ನಾಲ್ಕೈದು ಇಂಚಿನ ಕಾಂಕ್ರೀಟು ಹೀರಿಕೊಂಡು ಸಂಜೆಯಿಂದ ನಡುರಾತ್ರಿಯವರೆಗೆ ಕೆಳಗೆ ಬಿಡುತ್ತಲೇ ಇರುತ್ತದೆ. ತಗಡಿಗಂತೂ ಹಿಡಿದಿಟ್ಟುಕೊಳ್ಳುವ ಗುಣವೇ ಇಲ್ಲ, ಮೇಲೆ ಬಿದ್ದ ಗಳಿಗೆಯಲ್ಲೇ ಕೆಳಗೆ ಸುಡುತ್ತದೆ.

ರಾತ್ರಿ ಗಂಡಸರು ಮಾಳಿಗೆ ಮೇಲೆ ಹಾಸಿಕೊಂಡು ಮಲಗುತ್ತಾರೆ. ಬಾಣಂತಿ, ಹಸುಗೂಸು, ಹರೆಯದ ಹೆಣ್ಣುಮಕ್ಕಳು, ಮೆಟ್ಟಿಲು ಹತ್ತಲಾಗದ ಅಜ್ಜ ಅಜ್ಜಿ ಒಳಗೇ ಉಳಿಯುತ್ತಾರೆ. ಬಾಡಿಗೆಯವರಿಗೆ ಎಷ್ಟೋ ಕಡೆ ಮಾಳಿಗೆಯ ಬೀಗದ ಕೈಯೇ ಸಿಗುವುದಿಲ್ಲ. ಸೀಲಿಂಗ್ ಫ್ಯಾನು ಕಾದ ಸ್ಲ್ಯಾಬಿನ ತಳದ ಗಾಳಿಯನ್ನೇ ಮೈಮೇಲೆ ತಳ್ಳುತ್ತದೆ. ಕೋಣೆಯ ಗಾಳಿ 40 ಡಿಗ್ರಿ ದಾಟಿದಾಗ ಫ್ಯಾನಿನಿಂದ ಮೈ ತಣಿಯುವುದಿರಲಿ, ಇನ್ನಷ್ಟು ಕಾಯುತ್ತದೆ. ಕೂಲರ್ ಹಚ್ಚೋಣವೆಂದರೆ ಅದಕ್ಕೆ ಕೊಡಗಟ್ಟಲೆ ನೀರು ಸುರಿಯಬೇಕು. ಕೃಷ್ಣೆ ಮತ್ತು ತುಂಗಭದ್ರೆಯ ನಡುವೆ ಇದ್ದೂ ಬೇಸಿಗೆಯಲ್ಲಿ ನಳದ ನೀರಿಗೆ ಕಾಯುವ ಊರು ನಮ್ಮದು. ನಿದ್ದೆಯಿಲ್ಲದ ರಾತ್ರಿಯ ಮರುದಿನ ಕೂಲಿಗೆ ಹೋಗುವವರ ಆರೋಗ್ಯದ ಮಾತನ್ನು ತಾವೇ ಊಹಿಸಬಹುದು.

ಇನ್ನು ಕರೆಂಟು. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಇವತ್ತು ಅದರ ಎಂಟು ಘಟಕಗಳ ಸಾಮರ್ಥ್ಯ 1,720 ಮೆಗಾವ್ಯಾಟ್. ಯರಮರಸ್‌ನಲ್ಲಿ ಇನ್ನೂ 1,600, ಪಕ್ಕದ ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ 1,700. ಕಲ್ಲಿದ್ದಲು ಸುಟ್ಟು ನಾಡಿಗೆ ಬೆಳಕು ಕೊಡುವ ಈ ಮೂರೂ ಸ್ಥಾವರಗಳು ಮಂಡಳಿಯ ವ್ಯಾಪ್ತಿಯಲ್ಲೇ ಇವೆ. ಅವುಗಳ ಬೂದಿ, ಹೊಗೆ ನಮ್ಮ ಪಾಲಿಗೆ. ಆ ಕರೆಂಟಿನ ಒಂದು ಭಾಗ ಕಾದ ಮಾಳಿಗೆಯ ಜೊತೆ ಗುದ್ದಾಡುವುದಕ್ಕೇ ಖರ್ಚಾಗುತ್ತಿದೆ.

ಗೃಹಜ್ಯೋತಿಯಿಂದ ಬಡವರಿಗೆ ದೊಡ್ಡ ಆಸರೆಯಾಗಿದೆ, ಅದನ್ನು ಮನಃಪೂರ್ವಕ ಹೇಳುತ್ತೇನೆ. ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 200 ವ್ಯಾಟಿನ ಒಂದು ಕೂಲರ್ ದಿನಕ್ಕೆ ಹನ್ನೆರಡು ತಾಸು ಓಡಿದರೆ ತಿಂಗಳಿಗೆ 72 ಯೂನಿಟ್. ಎರಡು ಹಳೆಯ ಫ್ಯಾನು ಹದಿನೆಂಟು ತಾಸು ತಿರುಗಿದರೆ 81. ಫ್ರಿಜ್ಜು, ದೀಪ, ಟಿವಿ, ಮಿಕ್ಸಿ ಸೇರಿದರೆ ಇನ್ನೂರರ ಗೆರೆ ಸಿಕ್ಕೇಬಿಡುತ್ತದೆ. ಎಸಿ ಇಲ್ಲದ ಮನೆಯ ಲೆಕ್ಕ ಇದು. ಸೆಕೆ ಹೆಚ್ಚಿದ ತಿಂಗಳಲ್ಲೇ ಮನೆಯವರಿಗೆ ಯೋಜನೆ ಕೈಕೊಡುತ್ತದೆ. ಗೆರೆಯೊಳಗೆ ಉಳಿದರೆ ಬಿಲ್ಲಿನ ಹಣವನ್ನು ಸರ್ಕಾರ ಕರೆಂಟು ಸರಬರಾಜು ಕಂಪನಿಯಾದ ಜೆಸ್ಕಾಂಗೆ ಕೊಡುತ್ತದೆ, ಪ್ರತಿ ತಿಂಗಳು, ಪ್ರತಿ ವರ್ಷ. ಮಾಳಿಗೆಗೆ ಒಮ್ಮೆ ಖರ್ಚು ಮಾಡಿದರೆ ಈ ಎರಡೂ ಹೊರೆ ಇಳಿಯುತ್ತವೆ.

ಮಾಡುವುದೇನು ಎಂಬುದು ಗಾರೆ ಕೆಲಸದ ನಮ್ಮ ಗೌಂಡಿಗಳಿಗೆ ಅರ್ಥವಾಗದ ವಿದ್ಯೆಯೇನಲ್ಲ. ಎಲ್ಲಕ್ಕಿಂತ ಅಗ್ಗದ್ದು ಬಿಳಿ ಲೇಪ. ಬಣ್ಣಗೆಟ್ಟ ಕಾಂಕ್ರೀಟು ಬಿಸಿಲಿನ ಕಾಲು ಭಾಗದಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಹೊಸದಾಗಿ ಬಳಿದ ಬಿಳಿ ಲೇಪ ಮುಕ್ಕಾಲು ಭಾಗದಷ್ಟನ್ನು ಕಳಿಸುತ್ತದೆ. ದೇಶದ ಬೇರೆ ಬೇರೆ ಊರುಗಳಲ್ಲಿ ಇದರಿಂದ ಒಳಗಿನ ಸೆಕೆ 2ರಿಂದ 5 ಡಿಗ್ರಿ ಇಳಿದಿದೆ. ಸುಣ್ಣವಾದರೆ ವರ್ಷ ವರ್ಷ ಬಳಿಯಬೇಕು, ತಯಾರಾಗಿ ಬರುವ ಬಿಸಿಲು ತಡೆಯುವ ಬಣ್ಣವಾದರೆ ಕೆಲವು ವರ್ಷ ಬಾಳುತ್ತದೆ. ಆದರೆ ನಮ್ಮ ಧೂಳಿನಲ್ಲಿ ಬಿಳಿ ಬಿಳಿಯಾಗಿ ಉಳಿಯುವುದಿಲ್ಲ. ಬೇಸಿಗೆಗೆ ಮುಂಚೆ ತೊಳೆಯದಿದ್ದರೆ ಅರ್ಧ ಗುಣ ಹೋದಂತೆಯೇ. ಇದನ್ನು ಮೊದಲೇ ಹೇಳಿ ಕೊಡಬೇಕು, ಬಳಿದು ಫೋಟೋ ತೆಗೆದು ಹೋಗುವ ಕೆಲಸವಾಗಬಾರದು.

ಅದಕ್ಕಿಂತ ಗಟ್ಟಿಯಾದದ್ದು ಸ್ಲ್ಯಾಬಿನ ಮೇಲೆ ಶಾಖ ತಡೆಯುವ ಒಂದು ಪದರ. ನೀರು ಹೀರದ ಗಟ್ಟಿ ಫೋಮ್ ಹಲಗೆ ಹಾಸಿ, ಮೇಲೆ ಗಚ್ಚು ಮಾಡಿ ಬಿಳಿ ಹೆಂಚು ಕೂಡಿಸಬಹುದು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದ, ವಾಸದ ಕಟ್ಟಡಗಳ ನಿಯಮಾವಳಿಯಾದ ಇಕೋ ನಿವಾಸ್ ಸಂಹಿತೆ ಒಂದು ಮಿತಿ ಹಾಕಿತು: ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಮಾಳಿಗೆಯ ಒಂದು ಚದರ ಮೀಟರಿನಿಂದ 1.2 ವ್ಯಾಟಿಗಿಂತ ಹೆಚ್ಚು ಶಾಖ ದಾಟಬಾರದು. ನಮ್ಮ ಬರಿಯ ಸ್ಲ್ಯಾಬಿನಲ್ಲಿ ಅದು 3 ದಾಟುತ್ತದೆ. ಒಂದೇ ಇಂಚಿನ ಫೋಮ್ ಹಲಗೆ ಹಾಕಿದರೆ 1ರ ಆಸುಪಾಸಿಗೆ ಇಳಿಯುತ್ತದೆ. ಒಂದು ಇಂಚಿನ ಮಾತು, ಮಾನ್ಯರೇ. ಶಕ್ತಿನಗರದ ಹಾರುಬೂದಿಯಿಂದ ಗಾಳಿಗುಳ್ಳೆಯ ಹಗುರ ಬ್ಲಾಕುಗಳನ್ನು ಮಾಡಬಹುದು. ಅವೂ ಶಾಖ ತಡೆಯುತ್ತವೆ. ಅವನ್ನೇ ತೆಳುವಾಗಿ ಕೊಯ್ಸಿ ಮಾಳಿಗೆಗೆ ಹಾಸುವುದನ್ನು ಇಲ್ಲಿಯೇ ಪರೀಕ್ಷಿಸಿ ನೋಡಲಿ ಎಂಬುದು ನನ್ನ ಬಹಳ ದಿನಗಳ ಆಸೆ.

ತಗಡಿನ ಮನೆಗೆ ಮೇಲೆ ಬಿಳಿ ಬಣ್ಣ, ಕೆಳಗೆ ಒಂದಡಿ ಸಂದು ಬಿಟ್ಟು ಫಾಲ್ಸ್ ಸೀಲಿಂಗ್. ಆ ಸಂದಿನ ಬಿಸಿಗಾಳಿ ಹೊರಹೋಗಲು ಎರಡೂ ಕಡೆ ಕಿಂಡಿ ಇರಲೇಬೇಕು. ಒಲೆಯಿರುವ ಕೋಣೆಗೆ ಅಗ್ಗದ ಥರ್ಮೋಕೋಲ್ ಬೇಡ, ಬೆಂಕಿಗೆ ಅದು ಥಟ್ಟನೆ ಹತ್ತಿಕೊಳ್ಳುತ್ತದೆ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಅವನ್ನು ಕೊರೆಯುವುದು, ಒಣಗಿದ್ದಾಗ ಉಜ್ಜುವುದು ಪುಪ್ಪುಸಕ್ಕೆ ಅಪಾಯ. ಮಣ್ಣಿನ ಮಾಳಿಗೆಯ ಮೇಲೆ ಸೋರುವಿಕೆ ನಿಲ್ಲಲೆಂದು ಸಿಮೆಂಟ್ ಕಾಂಕ್ರೀಟು ಸುರಿಯುವುದಂತೂ ಜೀವಕ್ಕೇ ಕುತ್ತು, ಹುಳು ತಿಂದ ಜಂತಿ ಆ ಭಾರ ತಾಳುವುದಿಲ್ಲ. ಆದ್ದರಿಂದ ಪ್ರತಿ ಮನೆಗೂ ಮೊದಲು ತಿಳಿದವರೊಬ್ಬರು ಹೋಗಿ ಸೂರು ನೋಡಬೇಕು. ಪಡುವಣ ಕಿಟಕಿಗೆ ನೆರಳು, ಅಂಗಳಕ್ಕೊಂದು ಬೇವಿನ ಗಿಡ, ಇವೆಲ್ಲ ಒಳ್ಳೆಯವೇ, ಆದರೆ ಮಾಳಿಗೆಯ ನಂತರದ ಮಾತು.

ಈಗಿರುವ ನಿಯಮಗಳು ನಮ್ಮವರನ್ನು ಮುಟ್ಟುವುದಿಲ್ಲ. ನಾನು ಹೇಳಿದ ಸಂಹಿತೆಯನ್ನು 2018ರಲ್ಲಿ ತಂದಾಗ ಅದನ್ನು ಗೊತ್ತುಪಡಿಸಿದ್ದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನದ ಕಟ್ಟಡಗಳಿಗೆ. ಮೂವತ್ತು ನಲವತ್ತರ ಸೈಟು 111 ಚದರ ಮೀಟರ್, ಅಂದ್ರೂನ್ ಕಿಲ್ಲಾದ ಮನೆ ಅದರ ಅರ್ಧವೂ ಇರುವುದಿಲ್ಲ. ವಸತಿ ಯೋಜನೆಗಳ ಹಣ ಬಹುಪಾಲು ಹೊಸ ಮನೆ ಕಟ್ಟುವುದಕ್ಕೆ. ಕೃಷ್ಣೆಯಾಚೆಯ ತೆಲಂಗಾಣ 2023ರಲ್ಲೇ ತಂಪು ಮಾಳಿಗೆಗೆಂದು ಪ್ರತ್ಯೇಕ ನೀತಿ ತಂದಿತು. ಅದು ಮೆಚ್ಚುವಂಥದ್ದು, ಆದರೆ ಅಲ್ಲಿಯೂ ಸಣ್ಣ ಮನೆಗಳಿಗೆ ಅದು ಕಡ್ಡಾಯವಲ್ಲ, ಮನೆಯವರ ಇಚ್ಛೆಗೆ ಬಿಟ್ಟದ್ದು. ತಗಡಿನ ಕೆಳಗೆ ಬೇಯುವವರಿಗೆ ಇಚ್ಛೆ ಇಲ್ಲದೆ ಇಲ್ಲ, ದುಡ್ಡಿಲ್ಲ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಕಲಮಿನ ಬಲದಿಂದ ನಿಂತಿರುವ ಮಂಡಳಿ ತಮ್ಮದು. ರಸ್ತೆ, ಶಾಲಾ ಕೋಣೆ, ಆಸ್ಪತ್ರೆಗಳ ಜೊತೆಗೆ ಈ ಬಾಬತ್ತನ್ನೂ ಕ್ರಿಯಾ ಯೋಜನೆಯಲ್ಲಿ ತೆರೆಯಿರಿ. ಮೊದಲ ವರ್ಷ ರಾಯಚೂರು ನಗರದ ಎರಡು ವಾರ್ಡು, ಲಿಂಗಸುಗೂರು ಅಥವಾ ದೇವದುರ್ಗದ ಕಡೆಯ ಒಂದು ಹಳ್ಳಿ ಸಾಕು. ನೆರವು ಮಾಳಿಗೆಯ ಅಳತೆಯ ಮೇಲೆ ಇರಲಿ, ತಗಡಿನ ಮನೆಗಳಿಗೆ ಮೊದಲ ಸರದಿ ಸಿಗಲಿ. ಬಾಡಿಗೆ ಮನೆಯಾದರೆ ಮಾಲೀಕರು ಕೆಲಸಕ್ಕೆ ಒಪ್ಪಬೇಕು, ಅದರ ನೆಪದಲ್ಲಿ ಬಾಡಿಗೆ ಏರಿಸುವುದಿಲ್ಲವೆಂದು ಬರೆದುಕೊಡಬೇಕು. ಮೇಲ್ಮುದ್ದೆ ಉಳಿಸಿಕೊಳ್ಳುತ್ತೇವೆ ಎನ್ನುವವರಿಗೆ ಜಂತಿ ಬದಲಿಸಿ ಮಣ್ಣು ಹಾಕಿಸಿಕೊಳ್ಳಲೂ ಅಷ್ಟೇ ನೆರವು ಸಿಗಲಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಈ ಕೆಲಸಗಳಿಗೆ ಸ್ಪಷ್ಟ ದರ ಇಲ್ಲದಿದ್ದರೆ ಎಂಜಿನಿಯರರು ಎಸ್ಟಿಮೇಟ್ ಮಾಡಲು ಹಿಂಜರಿಯುತ್ತಾರೆ. ಅದನ್ನು ಮೊದಲು ಸರಿಪಡಿಸಬೇಕು. ಗೌಂಡಿಗಳಿಗೆ ನಿರ್ಮಿತಿ ಕೇಂದ್ರದಲ್ಲಿ ತರಬೇತಿ ಕೊಡಿಸಿ. ಕೆಲಸಕ್ಕೆ ಮುಂಚೆ ಮತ್ತು ನಂತರ ಪ್ರತಿ ಮನೆಯಲ್ಲಿ ಉಷ್ಣಾಂಶ ಅಳೆಯಿರಿ, ಮೀಟರ್ ಓದುವಿಕೆಯನ್ನು ಜೆಸ್ಕಾಂನಿಂದ ಪಡೆಯಿರಿ, ಎರಡನ್ನೂ ಜನರ ಮುಂದಿಡಿ.

ವೇಳೆಯ ಬಗ್ಗೆ ಒತ್ತಿ ಹೇಳಬೇಕು. ನಮ್ಮಲ್ಲಿ ಅನುದಾನ ಮಾರ್ಚ್ ಕೊನೆಗೆ ಓಡೋಡಿ ಖರ್ಚಾಗುತ್ತದೆ. ಈ ಕೆಲಸಕ್ಕೆ ಅದು ಒಗ್ಗುವುದಿಲ್ಲ, ಮಾರ್ಚ್ ಮುಗಿಯುವ ಹೊತ್ತಿಗೆ ಮನೆಗಳು ಆಗಲೇ ಕಾದಿರುತ್ತವೆ. ಈ ಬೇಸಿಗೆಯಲ್ಲಿ ಮನೆಗಳ ಸಮೀಕ್ಷೆ, ಅಳತೆ. ಮಳೆಗಾಲದಲ್ಲಿ ಮಂಜೂರಾತಿ, ಟೆಂಡರ್. ಡಿಸೆಂಬರಿನಿಂದ ಫೆಬ್ರುವರಿಯೊಳಗೆ ಕೆಲಸ ಮುಗಿಯಬೇಕು.

ಸಮೀಕ್ಷೆಗೆ ಮಂಡಳಿಯ ತಾಂತ್ರಿಕ ಸಿಬ್ಬಂದಿ ರಾಯಚೂರಿಗೆ ಬಂದರೆ ಓಣಿಗಳನ್ನು ತೋರಿಸಲು, ಅಳತೆ ಹಿಡಿಯಲು ನಾನೂ, ಎಂಜಿನಿಯರರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ಸಿದ್ಧರಿದ್ದೇವೆ. ಅವರು ಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತರ ಮೇಲೆ ಇನ್ನೊಮ್ಮೆ ಅದೇ ಮನೆಗೆ ಬಂದು ಅಳೆಯಬೇಕೆಂದು ಕೋರುತ್ತೇನೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ,
ಬೇರೂನ್ ಕಿಲ್ಲಾ, ರಾಯಚೂರು.